ಸಕಲೇಶಪುರ–ಆಲೂರು ಮಲೆಸೀಮೆ ಮತ್ತು ಸಮಾಜಕಾರ್ಯ ಪದವಿ: ಒಂದು ಚಾರಿತ್ರಿಕ ಅವಲೋಕನ

ಕನ್ನಡದಲ್ಲಿ ‘ಸಮಾಜಸೇವೆ’ ಎಂಬ ಪದಕ್ಕೆ ದೀರ್ಘವಾದ ಬಳಕೆಯಿದೆ. ‘ಸಮಾಜಕಾರ್ಯ’ ಎಂಬುದು ಅದಕ್ಕಿಂತ ಈಚಿನದು; ವಿಶ್ವವಿದ್ಯಾನಿಲಯದ ತರಗತಿಗಳಿಂದ ಹೊರಬಂದದ್ದು. ಸೇವೆಗೆ ಮನಸ್ಸಿದ್ದರೆ ಸಾಕು, ಕಾರ್ಯಕ್ಕೆ ತರಬೇತಿ, ವಿಧಾನ, ವೇತನ ಮತ್ತು ಹೊಣೆಗಾರಿಕೆ ಬೇಕು ಎಂಬುದು ಈ ಪದವನ್ನು ರೂಢಿಗೆ ತಂದ ಅಧ್ಯಾಪಕರ ನಿಲುವಾಗಿತ್ತು. ಈ ನಿಲುವು ತಾತ್ವಿಕವಾಗಿ ಒಪ್ಪತಕ್ಕದ್ದೇ. ಆದರೆ ವೇತನವಿದೆ ಎಂದ ಮೇಲೆ ಅದನ್ನು ಕೊಡುವವರು ಯಾರು, ಯಾವ ಹುದ್ದೆಗೆ ಕೊಡುತ್ತಾರೆ, ಆ ಹುದ್ದೆ ಯಾವ ಊರಿನಲ್ಲಿರುತ್ತದೆ ಎಂಬ ಪ್ರಶ್ನೆಗಳು ಹಿಂದೆಯೇ ಬರುತ್ತವೆ. ಹಾಸನ ಜಿಲ್ಲೆಯ ಪಶ್ಚಿಮದಂಚಿನ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಕಾಫಿ ಬೆಟ್ಟಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಕೇಳುವುದು ಪ್ರಸ್ತುತ ಲೇಖನದ ಉದ್ದೇಶ. ಭಾರತದಲ್ಲಿ ಸಮಾಜಕಾರ್ಯ ಪದವಿಗೆ ನೆಲೆ ಒದಗಿಸಿದ್ದು ಬಹುಮಟ್ಟಿಗೆ ಕಾರ್ಮಿಕ ಕಾನೂನು. ಆ ಕಾನೂನು ಹಾಕಿದ ಲೆಕ್ಕದೊಳಗೆ ಈ ಬೆಟ್ಟಗಳ ಬಹುಪಾಲು ತೋಟಗಳು ಬರಲಿಲ್ಲ. ಇಲ್ಲಿಂದ ಓದಲು ಹೋದವರ ಮತ್ತು ಇಲ್ಲಿಗೆ ಕ್ಷೇತ್ರಕಾರ್ಯಕ್ಕೆ ಬಂದವರ ಅನುಭವವನ್ನು ಈ ಒಂದು ಸಂಗತಿ ಆಳವಾಗಿ ರೂಪಿಸಿದೆ ಎಂಬುದು ನನ್ನ ವಾದ.

ಮೊದಲಿಗೆ ಹೊರಜಗತ್ತಿನ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡಬಹುದು. ದಾನಧರ್ಮವನ್ನು ಕ್ರಮಬದ್ಧಗೊಳಿಸಲು ಹೊರಟ ಸಂಘಟನೆಗಳು 1898ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಬೇಸಿಗೆಯ ತರಗತಿಗಳನ್ನು ನಡೆಸಿದವು. ಸಮಾಜಕಾರ್ಯದ ಔಪಚಾರಿಕ ಶಿಕ್ಷಣದ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದ ಗುರುತಿಸಲಾಗುತ್ತದೆ. 1917ರಲ್ಲಿ ಪ್ರಕಟವಾದ ಮೇರಿ ರಿಚ್ಮಂಡ್ ಅವರ ‘ಸೋಷಿಯಲ್ ಡಯಾಗ್ನೋಸಿಸ್’ ಗ್ರಂಥ ವ್ಯಕ್ತಿಗತ ಸಮಾಜಕಾರ್ಯಕ್ಕೆ ಶಾಸ್ತ್ರದ ರೂಪ ನೀಡಿತು. ಭಾರತದಲ್ಲಿ ಈ ಕೆಲಸ ಮುಂಬಯಿಯ ನಾಗಪಾಡಾದಲ್ಲಿ ಆರಂಭವಾಯಿತು. ಅಲ್ಲಿ ನೆರೆಹೊರೆ ಕೇಂದ್ರವೊಂದನ್ನು ನಡೆಸುತ್ತಿದ್ದ ಅಮೆರಿಕದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರ ಮುಂದಾಳುತನದಲ್ಲಿ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ತೆರೆಯಿತು. 1944ರಲ್ಲಿ ಅದೇ ಟಾಟಾ ಸಮಾಜ ವಿಜ್ಞಾನಗಳ ಸಂಸ್ಥೆ ಎನಿಸಿತು. 1962ರಿಂದ ಎರಡು ದಶಕಗಳ ಕಾಲ ಅದರ ನಿರ್ದೇಶಕರಾಗಿ, ಈ ವಿಷಯದ ಬೋಧನೆಗೆ ದೇಶಮಟ್ಟದಲ್ಲಿ ಚೌಕಟ್ಟು ಕಟ್ಟಿದ ಎಂ.ಎಸ್. ಗೋರೆ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ ಎಂಬುದನ್ನು ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ.

ಮುಂಬಯಿಯೇ ಏಕೆ ಎಂಬುದಕ್ಕೆ ಗಿರಣಿಗಳನ್ನು ನೋಡಬೇಕು. ಗಿರಣಿಯ ಕೆಲಸಕ್ಕೆ ಜನರನ್ನು ಸೇರಿಸುತ್ತಿದ್ದವನು ಜಾಬರ್ ಎಂಬ ಮಧ್ಯವರ್ತಿ. ಸೇರಿಸಿಕೊಳ್ಳಲು ಲಂಚ, ಉಳಿಸಿಕೊಳ್ಳಲು ಲಂಚ, ಸಾಲಕ್ಕೆ ಬಡ್ಡಿ ಎಲ್ಲವೂ ಅವನ ಕೈಯಲ್ಲಿದ್ದವು. 1929ರಲ್ಲಿ ನೇಮಕಗೊಂಡು 1931ರಲ್ಲಿ ವರದಿ ನೀಡಿದ ವಿಟ್ಲಿ ಆಯೋಗವು ಈ ಅಧಿಕಾರವನ್ನು ಜಾಬರನಿಂದ ಕಿತ್ತುಕೊಳ್ಳಲು ಕಾರ್ಮಿಕ ಅಧಿಕಾರಿಗಳನ್ನು ನೇಮಿಸಬೇಕೆಂದು ಸೂಚಿಸಿತು. ಆ ಸೂಚನೆಯ ಕುಡಿ 1948ರ ಕಾರ್ಖಾನೆ ಕಾಯಿದೆಯ 49ನೆಯ ಕಲಮಿನಲ್ಲಿ ಕಾಣಿಸಿಕೊಂಡಿತು: 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕು. ಅವನಿಗೆ ಇರಬೇಕಾದ ವಿದ್ಯಾರ್ಹತೆಯನ್ನು ರಾಜ್ಯಗಳ ನಿಯಮಗಳು ಗೊತ್ತುಪಡಿಸಿದವು. ಹೊಸ ಪದವಿಗೆ ಹೀಗೆ ಒಂದು ಖಚಿತವಾದ ಉದ್ಯೋಗ ದೊರೆಯಿತು. ಮುಂದಿನ ದಶಕಗಳಲ್ಲಿ ದೇಶದ ಬಹುತೇಕ ಸಮಾಜಕಾರ್ಯ ವಿಭಾಗಗಳಲ್ಲಿ ‘ಕಾರ್ಮಿಕ ಕಲ್ಯಾಣ ಮತ್ತು ಸಿಬ್ಬಂದಿ ನಿರ್ವಹಣೆ’ಯ ವಿಶೇಷಾಧ್ಯಯನಕ್ಕೆ ವಿದ್ಯಾರ್ಥಿಗಳು ಮುಗಿಬೀಳುತ್ತಿದ್ದುದಕ್ಕೆ ಕಾರಣ ಇದೇ. ಸಮುದಾಯ ಅಭಿವೃದ್ಧಿಯ ತರಗತಿಯಲ್ಲಿ ಆದರ್ಶವಿತ್ತು, ಕಾರ್ಮಿಕ ಕಲ್ಯಾಣದ ತರಗತಿಯಲ್ಲಿ ಸಂಬಳವಿತ್ತು ಎಂದು ಸ್ವಲ್ಪ ಒರಟಾಗಿಯೇ ಹೇಳಬಹುದು.

ಈಗ ಬೆಟ್ಟಗಳ ಕಡೆಗೆ ತಿರುಗೋಣ. ಸಕಲೇಶಪುರ ಸೀಮೆ ಹಿಂದಿನ ಮೈಸೂರು ಸಂಸ್ಥಾನದಲ್ಲಿ ಮಂಜರಾಬಾದ್ ತಾಲ್ಲೂಕೆಂದು ಹೆಸರಾಗಿತ್ತು. 1843ರಲ್ಲಿ ಗ್ರೀನ್ ಎಂಬ ಯುರೋಪಿಯನ್ನನು ಇಲ್ಲಿ ಕಾಫಿ ತೋಟ ಆರಂಭಿಸಿದನು. 1856ರಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲಿಯೇ ದೀರ್ಘಕಾಲ ತೋಟ ಮಾಡಿ, 1871 ಮತ್ತು 1894ರಲ್ಲಿ ತನ್ನ ಅನುಭವಗಳನ್ನು ಎರಡು ಪುಸ್ತಕಗಳಾಗಿ ಹೊರತಂದನು. ಕಾಡಿನ ನೆರಳಿನಲ್ಲಿ ಗಿಡ ನೆಡುವುದು ಸುಲಭವಾಗಿತ್ತು; ಆಳು ಹೊಂದಿಸುವುದೇ ಕಷ್ಟವಾಗಿತ್ತು. ಪೂರ್ವದ ಬಯಲುಸೀಮೆಯ ಹಳ್ಳಿಗಳಿಂದಲೂ, ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದಲೂ ಜನರನ್ನು ಕರೆತರಬೇಕಾಗಿತ್ತು. ಕರಾವಳಿಯ ಜನ ತಮ್ಮ ಬತ್ತದ ಕೊಯ್ಲು ಮುಗಿಸಿ ಘಟ್ಟ ಹತ್ತುತ್ತಿದ್ದರು, ಮಳೆಗೆ ಮೊದಲು ಇಳಿಯುತ್ತಿದ್ದರು. ಅವರನ್ನು ಕರೆತರುವವನು ಮೇಸ್ತ್ರಿ. ಕಟ್ಟಿಹಾಕುವ ಹಗ್ಗ ಮುಂಗಡ. ತೋಟದ ಒಡೆಯ ಮೇಸ್ತ್ರಿಗೆ ಹಣ ಕೊಡುತ್ತಿದ್ದನು, ಮೇಸ್ತ್ರಿ ಆಳುಗಳಿಗೆ ಹಂಚುತ್ತಿದ್ದನು, ಆಳು ದುಡಿದು ತೀರಿಸಬೇಕಾಗಿತ್ತು. ಮುಂಬಯಿಯ ಜಾಬರನಿಗೂ ಮಂಜರಾಬಾದಿನ ಮೇಸ್ತ್ರಿಗೂ ಇರುವ ಹೋಲಿಕೆ ಎದ್ದು ಕಾಣುತ್ತದೆ. ಗಿರಣಿಯಲ್ಲಿ ಜಾಬರನ ಎದುರಿಗೆ ಕಾನೂನು ಒಬ್ಬ ಅಧಿಕಾರಿಯನ್ನು ತಂದು ನಿಲ್ಲಿಸಿತು. ಬೆಟ್ಟದಲ್ಲಿ ಮೇಸ್ತ್ರಿಯ ಎದುರಿಗೆ ಯಾರನ್ನು ನಿಲ್ಲಿಸಿತು?

ಉತ್ತರಕ್ಕೆ 1951ರ ತೋಟ ಕಾರ್ಮಿಕರ ಕಾಯಿದೆಯನ್ನು ಓದಬೇಕು. ಸ್ವತಂತ್ರ ಭಾರತದ ಮಹತ್ವದ ಕಾನೂನುಗಳಲ್ಲಿ ಇದೊಂದು ಎಂಬುದರಲ್ಲಿ ಸಂಶಯವಿಲ್ಲ. ವಸತಿ, ವೈದ್ಯಕೀಯ ನೆರವು, ಕುಡಿಯುವ ನೀರು ಎಲ್ಲವನ್ನೂ ಅದು ಮಾಲೀಕನ ಹೊಣೆಯಾಗಿಸಿತು. ಆದರೆ ಅದರ ಪ್ರತಿಯೊಂದು ಸೌಲಭ್ಯಕ್ಕೂ ಒಂದು ಹೊಸ್ತಿಲಿದೆ. ಮೂಲದಲ್ಲಿ 25 ಎಕರೆ ವಿಸ್ತೀರ್ಣ ಮತ್ತು 30 ಕಾರ್ಮಿಕರಿರುವ ತೋಟಕ್ಕೆ ಮಾತ್ರ ಕಾಯಿದೆ ಅನ್ವಯಿಸುತ್ತಿತ್ತು. 1981ರ ತಿದ್ದುಪಡಿ ಇದನ್ನು 5 ಹೆಕ್ಟೇರು ಮತ್ತು 15 ಕಾರ್ಮಿಕರಿಗೆ ಇಳಿಸಿತು. ಕ್ಯಾಂಟೀನಿಗೆ 150 ಕಾರ್ಮಿಕರಿರಬೇಕು. ಶಿಶುವಿಹಾರಕ್ಕೆ 50 ಮಂದಿ ಹೆಣ್ಣಾಳುಗಳಿರಬೇಕು. 6ರಿಂದ 12 ವರ್ಷದ ಮಕ್ಕಳು 25ನ್ನು ಮೀರಿದರೆ ಶಾಲೆಯ ವ್ಯವಸ್ಥೆ. ಕಲ್ಯಾಣಾಧಿಕಾರಿಗೆ 300 ಕಾರ್ಮಿಕರಿರಬೇಕು. ಅಸ್ಸಾಮಿನ ಅಥವಾ ನೀಲಗಿರಿಯ ಚಹಾ ತೋಟಗಳಿಗೆ ಈ 300 ಎಂಬುದು ದೊಡ್ಡ ಸಂಖ್ಯೆಯಲ್ಲ. ಚಹಾ ತೋಟದಲ್ಲಿ ವರ್ಷದ ಬಹುಭಾಗ ಎಲೆ ಕೀಳುವ ಕೆಲಸವಿರುತ್ತದೆ, ಜೊತೆಗೆ ಕಾರ್ಖಾನೆಯೂ ಇರುತ್ತದೆ. ಕಾಫಿಗೆ ಅಷ್ಟು ಜನ ಬೇಕಾಗುವುದು ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ. ಮೇಲಾಗಿ, ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಸಕಲೇಶಪುರದಲ್ಲಿ ಹಳೆಯ ದೊಡ್ಡ ಎಸ್ಟೇಟುಗಳು ಕೆಲವಿವೆ. ಉಳಿದಂತೆ ಬೆಟ್ಟದ ಮೈಯನ್ನು ಹಂಚಿಕೊಂಡಿರುವುದು ಮನೆತನದ ತೋಟಗಳು. ಆಲೂರಿನ ಕಡೆ ಗದ್ದೆ, ಕಾಫಿ, ಮೆಣಸು, ಶುಂಠಿ ಬೆರೆತ ಸಣ್ಣ ಹಿಡುವಳಿಗಳೇ ಹೆಚ್ಚು. ಇಂಥ ತೋಟಗಳಲ್ಲಿ ಮಾಲೀಕನ ನಂತರ ಇರುವ ಅಧಿಕಾರವೆಂದರೆ ರೈಟರದು, ರೈಟರ ನಂತರ ಮೇಸ್ತ್ರಿಯದು. ಲೈನು ಮನೆಯಲ್ಲಿ ಕುಡಿತದ ಜಗಳವಾದರೂ, ಹೆರಿಗೆಯ ತೊಂದರೆಯಾದರೂ, ಶಾಲೆ ಬಿಟ್ಟ ಮಗುವಿನ ಪ್ರಶ್ನೆಯಾದರೂ ಅಹವಾಲು ಹೋಗುವುದು ಇವರಲ್ಲಿಗೇ. ಸಮಾಜಕಾರ್ಯ ಪದವೀಧರನಿಗೆಂದು ಕಾನೂನು ಇಟ್ಟಿದ್ದ ಕುರ್ಚಿ ಈ ತೋಟಗಳನ್ನು ತಲುಪಲಿಲ್ಲ.

ಪದವಿಯಿಲ್ಲದ ತರಬೇತಿಯ ಪರಂಪರೆಯೊಂದು ಇದೇ ಜಿಲ್ಲೆಯಲ್ಲಿ ಇದಕ್ಕೂ ಮೊದಲೇ ಬೇರುಬಿಟ್ಟಿತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಗಾಂಧೀಜಿ ಸ್ಥಾಪಿಸಿದ ಗುಜರಾತ್ ವಿದ್ಯಾಪೀಠದಲ್ಲಿ ಓದಿ ಬಂದು ಖಾದಿ ಮತ್ತು ಗ್ರಾಮಸೇವೆಗೆ ತೊಡಗಿದವರು. 1944ರಲ್ಲಿ ಕಸ್ತೂರಬಾ ಅವರ ಮರಣಾನಂತರ ರೂಪುಗೊಂಡ ರಾಷ್ಟ್ರೀಯ ಸ್ಮಾರಕ ಟ್ರಸ್ಟಿನ ಕರ್ನಾಟಕ ಶಾಖೆ ನೆಲೆಗೊಂಡದ್ದು ಅರಸೀಕೆರೆಯ ಕಸ್ತೂರಬಾಗ್ರಾಮದಲ್ಲಿ. ಅದರ ಹಿಂದೆ ಯಶೋಧರಾ ದಾಸಪ್ಪನವರ ದುಡಿಮೆಯಿದೆ. ಹಳ್ಳಿಯ ಹೆಣ್ಣುಮಕ್ಕಳನ್ನು ಆರಿಸಿ, ಆರೋಗ್ಯ, ಶಿಶುಪಾಲನೆ, ಸಾಕ್ಷರತೆ, ಕೈಕಸುಬುಗಳಲ್ಲಿ ತರಬೇತಿ ಕೊಟ್ಟು ಗ್ರಾಮಸೇವಿಕೆಯರನ್ನಾಗಿ ಹಳ್ಳಿಗಳಿಗೇ ಕಳುಹಿಸುವುದು ಈ ಟ್ರಸ್ಟಿನ ಕ್ರಮ. ಅರಸೀಕೆರೆ ಜಿಲ್ಲೆಯ ಒಣ ಭಾಗ, ಸಕಲೇಶಪುರ ತೇವದ ಭಾಗ. ಎರಡರ ನಡುವೆ ಹೋಲಿಕೆ ಕಡಿಮೆ. ಆದರೂ ಈ ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಗ್ರಾಮಸೇವಿಕೆ ಕಲಿತದ್ದು ಕನ್ನಡದಲ್ಲಿ, ಮರಳಿದ್ದು ಹಳ್ಳಿಗೆ. ಪದವೀಧರ ಕಲಿತದ್ದು ಇಂಗ್ಲಿಷಿನಲ್ಲಿ, ಹೋದದ್ದು ಕಾರ್ಖಾನೆಗೆ. ಮೊದಲನೆಯದರಲ್ಲಿ ವೇತನ ಅತ್ಯಲ್ಪ, ಬಡ್ತಿಯಿಲ್ಲ, ತ್ಯಾಗದ ನಿರೀಕ್ಷೆ ವಿಪರೀತ. ಹಾಗಾಗಿ ಅದನ್ನು ಆದರ್ಶವೆಂದು ಕೊಂಡಾಡುವುದೂ ಸರಿಯಲ್ಲ.

ಕನ್ನಡನಾಡಿನ ವಿಶ್ವವಿದ್ಯಾನಿಲಯ ವಲಯಕ್ಕೆ ಸಮಾಜಕಾರ್ಯ ಬಂದದ್ದು 1960ರ ದಶಕದಲ್ಲಿ. ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಆರಂಭವಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ ಅದೇ ದಶಕದಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡಿತು. ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾನಿಲಯಗಳು ಆಮೇಲೆ ಸೇರಿದವು. ಸಕಲೇಶಪುರದವರಿಗೆ ಮಂಗಳೂರು ಶಿರಾಡಿ ಘಟ್ಟದ ಕೆಳಗಿನ ಊರು. ಒಂದು ಕಾಲಕ್ಕೆ ಆಳುಗಳು ಮುಂಗಡ ಪಡೆದು ಹತ್ತಿಬರುತ್ತಿದ್ದ ದಿಕ್ಕಿಗೇ ಮಲೆಸೀಮೆಯ ಮಕ್ಕಳು ಓದಲು ಇಳಿಯತೊಡಗಿದರು. 1979ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗ ಪೂರ್ಣಗೊಂಡದ್ದು ಈ ಓಡಾಟಕ್ಕೆ ಅನುಕೂಲವಾಯಿತು. ಗೊರೂರಿನ ಬಳಿಯ ಹೇಮಾವತಿ ಅಣೆಕಟ್ಟು ಮುಗಿದದ್ದೂ ಅದೇ ವರ್ಷ. ಹಿನ್ನೀರಿನಲ್ಲಿ ಮನೆ–ಗದ್ದೆ ಕಳೆದುಕೊಂಡ ಆಲೂರು ಸೀಮೆಯ ಸಂಸಾರಗಳ ಮರುವಸತಿಯು ಸಮಾಜಕಾರ್ಯಕ್ಕೆ ತಕ್ಕ ವಿಷಯವೇ ಆಗಿತ್ತು. ಆದರೆ ಆ ದಿನಗಳಲ್ಲಿ ಅದನ್ನು ಭೂಸ್ವಾಧೀನದ ಕಡತವೆಂದು ನೋಡಲಾಯಿತೇ ಹೊರತು ಮನುಷ್ಯರ ಪ್ರಶ್ನೆಯೆಂದು ನೋಡಿದ್ದು ಕಡಿಮೆ.

ಭಾಷೆಯ ವಿಚಾರದಲ್ಲಿ ಎಚ್.ಎಂ. ಮರುಳಸಿದ್ಧಯ್ಯನವರನ್ನು ಹೆಸರಿಸದೆ ಮುಂದೆ ಹೋಗುವಂತಿಲ್ಲ. ಧಾರವಾಡ ಸೀಮೆಯ ಹಳ್ಳಿಯೊಂದರ ಮುದುಕರ ಬದುಕನ್ನು ಕುರಿತು 1969ರಲ್ಲಿ ಪ್ರಕಟವಾದ ಅವರ ‘ಓಲ್ಡ್ ಪೀಪಲ್ ಆಫ್ ಮಕುಂಟಿ’ ಇಂಗ್ಲಿಷಿನಲ್ಲಿದೆ. ಆದರೆ ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿ ಅವರು ಈ ಶಾಸ್ತ್ರವನ್ನು ಕನ್ನಡದಲ್ಲಿ ಬರೆಯಬಹುದೆಂದು ಸಾಧಿಸಿ ತೋರಿಸಿದರು. ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ, ಕ್ಷೇತ್ರಕಾರ್ಯ ಮುಂತಾದ ಪದಗಳು ಇಂದು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಸರಾಗವಾಗಿ ಓಡಾಡುತ್ತಿದ್ದರೆ ಅದರಲ್ಲಿ ಅವರಂಥವರ ಪಾಲು ದೊಡ್ಡದು. ಇದನ್ನು ಕೇವಲ ಪರಿಭಾಷೆಯ ಸೇವೆಯೆಂದು ತಿಳಿಯಲಾಗದು. ಸಮಾಜಕಾರ್ಯದಲ್ಲಿ ಮಾತೇ ಉಪಕರಣ. ಎದುರಿಗೆ ಕುಳಿತ ಹೆಂಗಸು ತನ್ನ ಸಂಕಟವನ್ನು ಹೇಳಿದ ಮಾತು ವರದಿಗೆ ಬರುವಷ್ಟರಲ್ಲಿ ಬೇರೊಂದು ಭಾಷೆಯ ಪಾರಿಭಾಷಿಕವಾಗಿ ಬಿಡುವುದಾದರೆ, ಅವಳು ಹೇಳಿದ್ದರಲ್ಲಿ ಉಳಿಯುವುದು ಅತಿ ಕಡಿಮೆ.

ಹಾಸನದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಹೇಮಗಂಗೋತ್ರಿ 1992ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಬೋಧಿಸುವ ವಿಷಯಗಳಲ್ಲಿ ಕಾಲಕ್ರಮದಲ್ಲಿ ಸಮಾಜಕಾರ್ಯವೂ ಸೇರಿತು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರು, ಆಲೂರು ಇನ್ನೂ ಹತ್ತಿರ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಹಾಸ್ಟೆಲು ಹಿಡಿಯಲಾಗದ ಮನೆಗಳ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಬಸ್ಸಿನ ಪಾಸಿನ ಅಂತರದಲ್ಲಿ ಸ್ನಾತಕೋತ್ತರ ಪದವಿ ಸಿಕ್ಕಿದ್ದು ಸಣ್ಣ ಬದಲಾವಣೆಯಲ್ಲ. 2023ರಲ್ಲಿ ಇದೇ ಕೇಂದ್ರವನ್ನು ಆಧರಿಸಿ ಹಾಸನ ವಿಶ್ವವಿದ್ಯಾನಿಲಯ ಆರಂಭವಾಯಿತು. ಅದೇ ಹೊತ್ತಿನಲ್ಲಿ ಹುಟ್ಟಿದ ಹೊಸ ವಿಶ್ವವಿದ್ಯಾನಿಲಯಗಳನ್ನು ಉಳಿಸಬೇಕೇ ಬೇಡವೇ ಎಂಬ ಚರ್ಚೆ 2025ರಲ್ಲಿ ಸರ್ಕಾರದ ಮಟ್ಟದಲ್ಲಿಯೇ ಎದ್ದಿತು. ದೂರದ ಊರುಗಳಲ್ಲಿ ಕುಳಿತು ಲೆಕ್ಕ ಹಾಕುವವರಿಗೆ ಈ 40 ಕಿಲೋಮೀಟರಿನ ಬೆಲೆ ಕಾಣುವುದು ಕಷ್ಟ.

ಈ ಪದವಿಯನ್ನು ಸಮಾಜಶಾಸ್ತ್ರದಿಂದ ಬೇರ್ಪಡಿಸುವುದು ಕ್ಷೇತ್ರಕಾರ್ಯ. ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ವಿದ್ಯಾರ್ಥಿ ಆಸ್ಪತ್ರೆ, ಬಾಲಮಂದಿರ, ಶಾಲೆ, ಸ್ವಯಂಸೇವಾ ಸಂಸ್ಥೆ ಅಥವಾ ಹಳ್ಳಿಯಲ್ಲಿ ಕೆಲಸ ಮಾಡಿ, ನಡೆದದ್ದನ್ನು ದಿನಚರಿಯ ರೂಪದಲ್ಲಿ ಬರೆದು, ಮಾರ್ಗದರ್ಶಕರ ಮುಂದೆ ಕುಳಿತು ಪ್ರತಿ ಹೆಜ್ಜೆಗೂ ಕಾರಣ ಹೇಳಬೇಕು. ಹತ್ತು ದಿನಗಳ ಆಸುಪಾಸಿನ ಗ್ರಾಮೀಣ ಶಿಬಿರವೊಂದಿರುತ್ತದೆ; ಓದಿನ ಕೊನೆಯಲ್ಲಿ ಒಂದು ತಿಂಗಳಷ್ಟು ಕಾಲ ಸಂಸ್ಥೆಯೊಂದರಲ್ಲೇ ನಿಂತು ದುಡಿಯಬೇಕು. ಹಾಸನದ ಚಾಮರಾಜೇಂದ್ರ ಆಸ್ಪತ್ರೆಯಂಥ ಕಡೆ ಇದಕ್ಕೆ ಸಿದ್ಧವಾದ ವ್ಯವಸ್ಥೆಯಿದೆ: ವಾರ್ಡುಗಳಿವೆ, ದಾಖಲೆಗಳಿವೆ, ಒಪ್ಪಿಗೆ ಕೊಡಲು ಅಧಿಕಾರಿಯಿದ್ದಾರೆ. ತೋಟ ಹಾಗಲ್ಲ. ಅದು ಖಾಸಗಿ ನೆಲ. ಲೈನಿಗೆ ಹೋಗಬೇಕಾದರೆ ಗೇಟು ದಾಟಬೇಕು. ಗೇಟು ದಾಟಲು ರೈಟರ ಒಪ್ಪಿಗೆ ಬೇಕು. ಮಾಲೀಕನ ಒಪ್ಪಿಗೆಯೊಂದಿಗೆ ಬಂದ ವಿದ್ಯಾರ್ಥಿಯನ್ನು ಲೈನಿನವರು ಮಾಲೀಕನ ಕಡೆಯವನೆಂದೇ ಎಣಿಸುತ್ತಾರೆ. ಒಪ್ಪಿಗೆಯಿಲ್ಲದೆ ಬಂದರೆ ಯೂನಿಯನ್ನಿನವನೆಂಬ ಗುಮಾನಿ. ವಿಶ್ವಾಸದ ಸಂಬಂಧವನ್ನು ಕುರಿತು ಪಠ್ಯಪುಸ್ತಕ ಹೇಳುವ ಮಾತುಗಳು ಈ ಗೇಟಿನ ಬಳಿಯಲ್ಲಿಯೇ ಮೊದಲ ಪರೀಕ್ಷೆಗೆ ಒಳಗಾಗುತ್ತವೆ.

ಕಾಲದ ತೊಡಕೂ ಇದೆ. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೊಬಸ್ಟಾ ಕೊಯ್ಲು ಜನವರಿಯಿಂದ ನಡೆಯುತ್ತದೆ. ಲೈನು ತುಂಬಿರುವುದು, ಮಕ್ಕಳು ಶಾಲೆ ತಪ್ಪಿಸುವುದು, ಮುಂಗಡದ ಲೆಕ್ಕ ತೀರುವುದು, ಕೂಲಿಯ ತಕರಾರು ಏಳುವುದು ಎಲ್ಲವೂ ಆ ತಿಂಗಳುಗಳಲ್ಲಿ. ವಿಶ್ವವಿದ್ಯಾನಿಲಯದಲ್ಲಿ ಅದು ಬಹುಮಟ್ಟಿಗೆ ಸೆಮಿಸ್ಟರ್ ಪರೀಕ್ಷೆಯ ಮತ್ತು ರಜೆಯ ಸಮಯ. ಕ್ಷೇತ್ರಕಾರ್ಯ ಬಿರುಸಾಗುವ ಜುಲೈ–ಆಗಸ್ಟಿನಲ್ಲಿ ಘಟ್ಟದ ಮಳೆ ಮನೆಬಾಗಿಲನ್ನೇ ಮುಚ್ಚಿಸುತ್ತದೆ. ಹೀಗಾಗಿ ತೋಟದ ಬದುಕನ್ನು ಅದು ಅತ್ಯಂತ ಮೌನವಾಗಿರುವ ಹೊತ್ತಿನಲ್ಲಿ ಕಂಡು ಬರೆದ ವರದಿಗಳೇ ಹೆಚ್ಚಾಗುತ್ತವೆ. ಒಂದು ಪಠ್ಯಕ್ರಮ ಮಲೆನಾಡಿನಲ್ಲಿ ನಡೆಯುವುದಾದರೆ ಅದರ ಪಂಚಾಂಗವೂ ಮಲೆನಾಡಿನದಾಗಿರಬೇಕು ಎಂದು ನನಗೆ ತೋರುತ್ತದೆ.

ಇನ್ನು ಲೈನಿನಿಂದಲೇ ಬಂದು ಈ ಪದವಿಗೆ ಸೇರಿದವರ ಸ್ಥಿತಿ ಬೇರೆ. ಕಾಫಿ ಮಂಡಳಿಯ ವಿದ್ಯಾರ್ಥಿವೇತನ, ಸರ್ಕಾರದ ಹಾಸ್ಟೆಲುಗಳು, ಹತ್ತಿರದ ಸರ್ಕಾರಿ ಕಾಲೇಜುಗಳು ತೋಟ ಕಾರ್ಮಿಕರ ಮಕ್ಕಳಲ್ಲಿ ಕೆಲವರನ್ನಾದರೂ ಪದವಿಯವರೆಗೆ ತಂದಿವೆ. ಅಂಥ ವಿದ್ಯಾರ್ಥಿನಿಯ ಪಾಲಿಗೆ ‘ಕ್ಷೇತ್ರ’ವೆಂದರೆ ತನ್ನ ಮನೆಯೇ. ಮಾರ್ಗದರ್ಶಕರು ನಿರ್ಲಿಪ್ತತೆಯನ್ನು ಬೋಧಿಸುತ್ತಾರೆ. ಅವಳ ತಾಯಿ ಇನ್ನೂ ಮುಂಗಡದ ಲೆಕ್ಕದಲ್ಲಿದ್ದಾಳೆ. ಸಹಪಾಠಿಗಳು ಒಂದು ಸೆಮಿಸ್ಟರಿನಲ್ಲಿ ಪ್ರಶ್ನಾವಳಿ ಹಿಡಿದು ಸಂಗ್ರಹಿಸುವುದು ಅವಳಿಗೆ ಹುಟ್ಟಿನಿಂದ ಗೊತ್ತು, ಆದರೆ ಗೊತ್ತಿರುವುದನ್ನು ಮಾಹಿತಿಯೆಂದು ಮಂಡಿಸುವ ಭಾಷೆ ಅವಳಿಗೆ ಹೊಸದು. ಪದವಿ ಮುಗಿದ ಮೇಲೆ ಅವಳು ಮರಳಿ ಅದೇ ತೋಟದಲ್ಲಿ ಕೆಲಸ ಮಾಡಬಯಸಿದರೆ ಅಲ್ಲಿ ಅವಳಿಗೆ ಹುದ್ದೆಯಿಲ್ಲ. ಈ ಪದವಿಯನ್ನು ಹೆಚ್ಚು ಅರ್ಥವತ್ತಾಗಿ ಬಳಸಬಲ್ಲವರಿಗೇ ಅದನ್ನು ಬಳಸುವ ಜಾಗವಿಲ್ಲದಿರುವುದು ಈ ಚರಿತ್ರೆಯ ಅತ್ಯಂತ ಅಹಿತಕರ ಭಾಗ.

ಕಾರ್ಖಾನೆಯ ಆಚೆಗೆ ಹುದ್ದೆಗಳು ತೆರೆದುಕೊಂಡದ್ದು ನಿಧಾನವಾಗಿ. 1975ರಲ್ಲಿ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ತಿರುಮಕೂಡಲು ನರಸೀಪುರವನ್ನು. ಕ್ರಮೇಣ ಅಂಗನವಾಡಿ ಜಾಲ ಮಲೆನಾಡಿಗೂ ಹಬ್ಬಿತು. ಬಾಲನ್ಯಾಯ ಕಾಯಿದೆಗಳು, 2005ರ ಗ್ರಾಮೀಣ ಆರೋಗ್ಯ ಅಭಿಯಾನ, 2013ರ ಕಂಪನಿ ಕಾಯಿದೆಯ ಸಾಮಾಜಿಕ ಹೊಣೆಗಾರಿಕೆಯ ಕಲಮು ಇವೆಲ್ಲ ಪದವೀಧರರಿಗೆ ಬೇರೆ ಬೇರೆ ಬಾಗಿಲುಗಳಾದವು. ಇವುಗಳಲ್ಲಿ ಹಲವು ಗುತ್ತಿಗೆಯ ಹುದ್ದೆಗಳು ಎಂಬುದನ್ನೂ ಹೇಳಬೇಕು.

ಈ ಬೆಟ್ಟಗಳು ಈಚೆಗೆ ಒಡ್ಡಿರುವ ಎರಡು ಸವಾಲುಗಳನ್ನು ಯಾವ ಪಠ್ಯಕ್ರಮವೂ ಮುಂಗಂಡಿರಲಿಲ್ಲ. ಒಂದು ಆನೆ. ಉಚ್ಚ ನ್ಯಾಯಾಲಯದ ಆದೇಶದಂತೆ ರಚನೆಯಾದ ಕಾರ್ಯಪಡೆ 2012ರ ತನ್ನ ವರದಿಯಲ್ಲಿ ಆಲೂರು ಸೀಮೆಯ ಆನೆಗಳನ್ನು ಹಿಡಿದು ಸ್ಥಳಾಂತರಿಸಲು ಶಿಫಾರಸು ಮಾಡಿತು; ಆನೆಗಳನ್ನು ಹಿಡಿದರೂ ಸಮಸ್ಯೆ ಮುಗಿಯಲಿಲ್ಲ. ಬೆಳಗಿನ ಮಂಜಿನಲ್ಲಿ ನಡೆದು ಕೆಲಸಕ್ಕೆ ಹೋಗುವ ಆಳು ಆನೆಗೆ ಸಿಕ್ಕಿ ಸತ್ತರೆ, ಪರಿಹಾರದ ಹಣಕ್ಕೆ ವಾರಸುದಾರಿಕೆಯ ಪತ್ರ ಬೇಕು, ಬ್ಯಾಂಕಿನ ಖಾತೆ ಬೇಕು, ಮರಣೋತ್ತರ ಪರೀಕ್ಷೆಯ ವರದಿ ಬೇಕು. ದುಃಖದಲ್ಲಿರುವ ಸಂಸಾರದ ಜೊತೆ ಕಚೇರಿಯಿಂದ ಕಚೇರಿಗೆ ನಡೆಯುವುದು ವ್ಯಕ್ತಿಗತ ಸಮಾಜಕಾರ್ಯವಲ್ಲದೆ ಮತ್ತೇನು? ಎರಡನೆಯದು ಆಳುಗಳೇ ಬದಲಾಗಿರುವುದು. ಈ ಶತಮಾನದಲ್ಲಿ ಅಸ್ಸಾಂ, ಬಂಗಾಳಗಳ ಕಡೆಯಿಂದ ಬಂದ ಕುಟುಂಬಗಳು ಲೈನುಗಳಲ್ಲಿ ನೆಲೆಸಿವೆ. ಕನ್ನಡದಲ್ಲಿ ಕ್ಷೇತ್ರಕಾರ್ಯ ಬರೆಯುವ ಹಕ್ಕನ್ನು ಕಷ್ಟಪಟ್ಟು ಗಳಿಸಿದ ವಿದ್ಯಾರ್ಥಿಗೆ ಈಗ ಎದುರಾಗುವ ಹೆಂಗಸು ಕನ್ನಡ ಬಾರದವಳು. ಅವಳ ಊರಿಗೂ ಈ ತೋಟಕ್ಕೂ ನಡುವೆ ಮತ್ತೆ ಒಬ್ಬ ಮಧ್ಯವರ್ತಿಯಿದ್ದಾನೆ. ಮೇಸ್ತ್ರಿಯ ಕೈಗೆ ಈಗ ಮೊಬೈಲು ಬಂದಿದೆ.

1951ರ ಕಾಯಿದೆಯನ್ನು ಒಳಗೊಂಡ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಲ್ಯಾಣಾಧಿಕಾರಿಯ ನೇಮಕಕ್ಕೆ ಅದು ಇಟ್ಟಿರುವ ಹೊಸ್ತಿಲು 250 ಕಾರ್ಮಿಕರು. ಹಳೆಯದಕ್ಕೆ ಹೋಲಿಸಿದರೆ 50 ಕಡಿಮೆ. ಮಂಜರಾಬಾದಿನ ಮನೆತನದ ತೋಟಗಳು ಈಗಲೂ ಅದರ ಕೆಳಗೇ ಇವೆ.